ಬೂದಿಯೂರಿನ ನಾಯಿ

"ವಸ್ತಾದರೇ, ಮುದುಕರು ಹಳೆಯ ಕಾಲದ ಬಗ್ಗೆ ಹೇಳುವುದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?"

ಗರಡಿಯ ಕೆಮ್ಮಣ್ಣು ಹದ ಮಾಡುತ್ತಿದ್ದ ನನ್ನ ಶಿಷ್ಯ ಯಮನೂರ ಹೀಗೆ ಕೇಳಿದ. ಕೇಳುವುದಕ್ಕೆ ಕಾರಣವಿತ್ತು. ಹರೆಯದಲ್ಲಿ ನಾನು ಒಂದೇ ಮಧ್ಯಾಹ್ನ ಹನ್ನೆರಡು ಪೈಲ್ವಾನರನ್ನು ಕೆಡವಿ, ಬೇಸರ ಬಂದು, ಹದಿಮೂರನೆಯವನಿಗೆ ನಾಳೆ ಬಾ ಎಂದು ಹೇಳಿ ಕಳಿಸಿದ್ದನ್ನು ಆಗಷ್ಟೇ ಅವನಿಗೆ ಹೇಳಿ ಮುಗಿಸಿದ್ದೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಪುಸ್ತಕದ ಉತ್ತರ ನನ್ನಲ್ಲಿಲ್ಲ. ಕತೆ ಇದೆ. ಈ ಕತೆಯನ್ನು ನನ್ನ ಹಾಗೆ ಹೇಳುವವನು ಘಟಪ್ರಭೆಯ ಈಚೆ ದಡದಲ್ಲೂ ಇಲ್ಲ, ಆಚೆ ದಡದಲ್ಲೂ ಇಲ್ಲ. ಯಮನೂರನನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ.

ನಮ್ಮೂರಲ್ಲಿ ಒಬ್ಬ ರೈತನಿದ್ದ. ಹರೆಯದಲ್ಲಿ ದೊಡ್ಡ ಯುದ್ಧ ಬಂದಾಗ ಸೈನ್ಯಕ್ಕೆ ಸೇರಿದ. ಅವನ ಕೈಗೆ ಬಂದೂಕು ಕೊಡಲಿಲ್ಲ, ಒಂದು ಹೇಸರಗತ್ತೆಯ ಹಗ್ಗ ಕೊಟ್ಟರು. ಹಡಗಿನಲ್ಲಿ ಅವನನ್ನೂ ಕತ್ತೆಯನ್ನೂ ಕಡಲಾಚೆಗೆ ಒಯ್ದರು. ನಾಲ್ಕು ವರ್ಷದ ಮೇಲೆ ಅವನೊಬ್ಬನೇ ಮರಳಿ ಬಂದ. ಮದುವೆಯಾದ. ಬೇಸಾಯಕ್ಕೆ ನಿಂತ.

ಸಂಜೆಯಾದರೆ ಬೇವಿನ ಕಟ್ಟೆಗೆ ಬರುತ್ತಿದ್ದ. ಅವನಲ್ಲಿ ಇದ್ದದ್ದು ಒಂದೇ ಕತೆ. ರೋಮನರು ಎಂಬ ಜನ ಕಟ್ಟಿದ ಊರು. ಎರಡು ಸಾವಿರ ವರ್ಷದ ಹಿಂದೆ ಪಕ್ಕದ ಬೆಟ್ಟ ಬೂದಿ ಕಾರಿ ಆ ಊರನ್ನು ಹೂಳಿತು. ಈಗ ಅಗೆದು ತೆಗೆದಿದ್ದಾರೆ. ಗೋಡೆಗಳಿವೆ, ಮಾಳಿಗೆಗಳಿಲ್ಲ. ಬೀದಿಗಳಿವೆ, ಮಂದಿಯಿಲ್ಲ. ಊರಬಾಗಿಲು ದಾಟಿ ಏರು ಹತ್ತಿದರೆ ಒಂದು ದೊಡ್ಡ ಬಯಲು. ಬಯಲಿನ ಎಡಗಡೆ ಬೀದಿ ಹಿಡಿದರೆ ರೊಟ್ಟಿ ಸುಡುವ ಅಂಗಡಿ. ಅದರ ಒಲೆಯೊಳಗೆ ಮನುಷ್ಯ ಕೂರಬಹುದು. ಮುಂದೆ ಬೀದಿಗೆ ಅಡ್ಡಲಾಗಿ ಮೂರು ಕಡೆ ದಾಟುಗಲ್ಲು. ಬಂಡಿಯ ಗಾಲಿ ನಡುವೆ ಹಾಯುವಂತೆ ಸಂದು ಬಿಟ್ಟು ಇಟ್ಟದ್ದು. ಮೂರನ್ನೂ ದಾಟಿದರೆ ನೀರಿನ ಕಲ್ಲುತೊಟ್ಟಿ. ಅಲ್ಲಿ ಕತ್ತೆಯೂ ನೀರು ಕುಡಿಯಿತು, ಅವನೂ ಕುಡಿದ. ತೊಟ್ಟಿಯಿಂದ ಎಡಕ್ಕೆ ತಿರುಗಿದರೆ ಒಂದು ಮನೆ. ಹೊಸ್ತಿಲ ಒಳಗೆ ಸರಪಳಿ ಹಾಕಿದ ಕರಿ ನಾಯಿ. ಸಣ್ಣ ಸಣ್ಣ ಹರಳು ಜೋಡಿಸಿ ನೆಲದಲ್ಲೇ ಮಾಡಿದ ನಾಯಿ. ಮನೆಯವರು ಹೋದರೂ ಅದು ಕಣ್ಣು ಮುಚ್ಚದೆ ಬಾಗಿಲು ಕಾಯುತ್ತಿದೆ.

ವರ್ಷ ಕಳೆದಂತೆ ಆ ನಾಯಿ ಬೆಳೆಯಿತು. ನಾನು ಹುಡುಗನಾಗಿದ್ದಾಗ ಅದು ಆಡಿನಷ್ಟಿತ್ತು. ನನಗೆ ಮೀಸೆ ಬರುವ ಹೊತ್ತಿಗೆ ಹೋರಿಯಷ್ಟಾಯಿತು. ಆದರೆ ದಾರಿ ಮಾತ್ರ ಒಂದು ಸಲವೂ ಬದಲಾಗಲಿಲ್ಲ. ಬಯಲು, ಎಡಗಡೆ ಬೀದಿ, ಒಲೆ, ಮೂರು ದಾಟುಗಲ್ಲು, ತೊಟ್ಟಿ, ಮತ್ತೆ ಎಡಕ್ಕೆ. ನಾವು ಕೇಳುತ್ತಿದ್ದೆವು, ನಗುತ್ತಿದ್ದೆವು, ಮತ್ತೆ ಹೇಳು ಎನ್ನುತ್ತಿದ್ದೆವು. ಆ ಸಂಜೆಗಳಂಥ ಸಂಜೆಗಳನ್ನು ಆಮೇಲೆ ನಾನು ಕಂಡಿಲ್ಲ.

ಒಂದು ದಿನ ಅವನ ಹೆಂಡತಿ ಊಟಕ್ಕೆ ಕರೆಯಲು ಕಟ್ಟೆಗೆ ಬಂದಳು. ಬೆಳಗಿನಿಂದ ಹೊಲದಲ್ಲಿ ದುಡಿದು ಸಾಕಾಗಿದ್ದಳು. ಮಾಡಿದ ರೊಟ್ಟಿ ಆರಿಹೋಗಿತ್ತು. ಇವನು ಕತೆಯಲ್ಲಿ ನಾಯಿಯ ಹತ್ತಿರ ಬಂದಿದ್ದ. ಅವಳು ಎಲ್ಲರೆದುರಿಗೆ ಅಂದಳು:

"ಮುಂಬಯಿ ಬಂದರದಾಗ ಚೀಲ ಹೊತ್ತು ಬಂದಾರ, ಹಡಗ ಹತ್ತಿದ್ದು ಯಾರು ಕಂಡಾರ? ನಾಕು ದಿನ ತಡೀರಿ, ಇವರ ಕಲ್ಲಿನ ನಾಯಿ ಮರೀನೂ ಹಾಕತೈತಿ."

ಕಟ್ಟೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ರೈತ ಎದ್ದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಮನೆಗೆ ಹೋದ.

ಅಂದಿನಿಂದ ಅವನು ಆ ಊರಿನ ಮಾತು ಎತ್ತಲಿಲ್ಲ. ಕಟ್ಟೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಮಳೆ ಬೆಳೆ ಮಾತಾಡಿದ, ದನ ಕರು ಮಾತಾಡಿದ. ಹೆಂಡತಿಯ ಮೇಲೆ ಸಿಟ್ಟು ಮಾಡಲಿಲ್ಲ. ಅವಳೇ ಒಂದೆರಡು ಸಲ, "ಆ ನಾಯಿ ಏನಾತು?" ಎಂದು ಕೆಣಕಿದಳು. ಅವನು, "ಯಾವ ನಾಯಿ?" ಅಂದ. ಹನ್ನೊಂದು ವರ್ಷ ಹೀಗೆ ಬದುಕಿ ತೀರಿಹೋದ.

ಸತ್ತ ಮೇಲೆ ಅವಳಿಗೆ ಒಂದೇ ಚಿಂತೆ ಹತ್ತಿತು. ಗಂಡ ಹೇಳಿದ್ದು ಸುಳ್ಳಾಗಿದ್ದರೆ ತಾನು ಅಂದದ್ದರಲ್ಲಿ ತಪ್ಪಿಲ್ಲ. ನಿಜವಾಗಿದ್ದರೆ? ಬಲ್ಲವನು ಅವನೊಬ್ಬನೇ ಇದ್ದ. ಅವನ ಬಾಯಿಯನ್ನು ತಾನೇ ಮುಚ್ಚಿಸಿದ್ದಳು.

ಹೀಗೆ ಮೂರು ವರ್ಷ ಕಳೆಯಿತು. ಪಕ್ಕದ ಪೇಟೆಯ ಒಬ್ಬ ಜವಳಿ ವ್ಯಾಪಾರಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಪರದೇಶ ನೋಡಲು ಹೊರಟ. ಅವನಿಗೆ ಜೋಳದ ರೊಟ್ಟಿ ಇಲ್ಲದೆ ನಿದ್ದೆ ಬರುವುದಿಲ್ಲ. ರೊಟ್ಟಿ ಬಡಿಯಲು ಬಾ ಎಂದು ಇವಳನ್ನು ಕರೆದ. ಅವಳು ಒಂದೇ ಮಾತು ಕೇಳಿದಳು.

"ಅಲ್ಲಿ ಬೂದಿ ಬಿದ್ದ ಊರು ಒಂದು ಐತಂತ. ಅಲ್ಲಿಗೂ ಹೊಕ್ಕೀರೇನು?"

"ಅದು ಒಂದ ದಿನದ ಮಟ್ಟಿಗೆ ಐತಿ ಬೇ. ಮುಂಜಾನೆ ರೈಲಿಗೆ ಹೋಗೂದು, ಸಂಜೀ ರೈಲಿಗೆ ಬರೂದು. ತೋರಸಾಕ ಗೈಡ್ ಇರ್ತಾನ."

"ಹಂಗಾರ ಹಿಟ್ಟು ಕಟ್ಟಸ್ರಿ," ಅಂದಳು.

ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು. ನಾನು ಒಂದಕ್ಷರ ಸೇರಿಸಿಲ್ಲ. ಸೇರಿಸುವ ಚಟ ನನಗಿಲ್ಲ.

ಆ ದಿನ ರೈಲಿನಲ್ಲಿ ಅವಳಿಗೆ ಕಿಟಕಿಯ ಜಾಗ ಸಿಕ್ಕಿತು. ಅವಳು ಹೊರಗೆ ನೋಡಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ವ್ಯಾಪಾರಿಯ ಹೆಂಡತಿ ಅದನ್ನು ಕಂಡು, "ನೋಡ್ರಿ, ಜಪಾ ಬಿಟ್ಟಿಲ್ಲ ಪಾಪ," ಅಂದಳು. ಅವಳು ಜಪ ಮಾಡುತ್ತಿರಲಿಲ್ಲ. ಬಯಲು, ಎಡಗಡೆ ಬೀದಿ, ಒಲೆ, ಮೂರು ದಾಟುಗಲ್ಲು, ತೊಟ್ಟಿ, ಮತ್ತೆ ಎಡಕ್ಕೆ ಎಂದು ಹೇಳಿಕೊಳ್ಳುತ್ತಿದ್ದಳು.

ಊರಬಾಗಿಲಲ್ಲಿ ಗೈಡ್ ಹಳದಿ ಕೊಡೆ ಎತ್ತಿ ಹಿಡಿದ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ವ್ಯಾಪಾರಿ ಅವಳಿಗೆ ಬಿಡಿಸಿ ಹೇಳಿದ. ಕೊಡೆಯ ಹಿಂದೆಯೇ ಬರಬೇಕು, ನಾಲ್ಕು ಗಂಟೆಯ ರೈಲು ಯಾರಿಗೂ ಕಾಯುವುದಿಲ್ಲ. ಅವಳಿಗೆ, ಇಲ್ಲಿ ಒಂದು ಮನೆಯ ಬಾಗಿಲಲ್ಲಿ ನಾಯಿ ಇದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಇಲ್ಲ ಅಂದುಬಿಟ್ಟರೆ ಎಂದು ಹೆದರಿಕೆ.

ಏರು ಹತ್ತಿದರು. ದೊಡ್ಡ ಬಯಲು ಬಂತು. ಗೈಡ್ ಅಲ್ಲಿ ನಿಂತು ರಾಜರ ಮಾತು, ದೇವರ ಮಾತು, ಪೇಟೆಯ ಮಾತು ಹೇಳಿದ. ಆಮೇಲೆ ಕೊಡೆ ಬಲಕ್ಕೆ ತಿರುಗಿತು. ಎಲ್ಲರೂ ಬಲಕ್ಕೆ ಹೋದರು.

ಅವಳು ಒಂದು ಗಳಿಗೆ ನಿಂತಳು. ಹುಟ್ಟಿದಂದಿನಿಂದ ಮುಂದೆ ಹೋಗುವವರ ಹಿಂದೆ ನಡೆದವಳು. ಆ ದಿನ ಎಡಕ್ಕೆ ತಿರುಗಿದಳು.

ಒಲೆಯ ಅಂಗಡಿ ಇತ್ತು. ಒಲೆಯೊಳಗೆ ಮನುಷ್ಯ ಕೂರಬಹುದಿತ್ತು. ಒಂದು ದಾಟುಗಲ್ಲು ಬಂತು. ಎರಡನೆಯದು ಬಂತು. ಮೂರನೆಯದು ಕಾಣಲಿಲ್ಲ. ಅವಳ ಕಾಲು ತಡೆಯಿತು. ಮತ್ತೆ ನಡೆದಳು. ಬೀದಿ ಬಾಗಿದಲ್ಲಿ ಮೂರನೆಯದು ಸಿಕ್ಕಿತು. ಅದರಾಚೆ ತೊಟ್ಟಿ. ಎಡಕ್ಕೆ ಒಂದು ಮನೆ. ಬಾಗಿಲಿಗೆ ಕಬ್ಬಿಣದ ಜಾಲರಿ ಹಾಕಿದ್ದರು.

ಜಾಲರಿಯ ಹಿಂದೆ ನಾಯಿ ಇತ್ತು. ಹೋರಿಯಷ್ಟಿರಲಿಲ್ಲ. ನಾಯಿಯಷ್ಟೇ ಇತ್ತು.

ಅವಳು ಚಪ್ಪಲಿ ಬಿಟ್ಟು ಹೊಸ್ತಿಲ ಈಚೆ ಕುಳಿತಳು. ಎಷ್ಟು ಹೊತ್ತು ಕುಳಿತಳೋ ಅವಳಿಗೆ ತಿಳಿಯದು. ಗೈಡ್ ಕೊಡೆ ಮಡಚಿಕೊಂಡು ಓಡಿ ಬಂದ. ಅವನ ಹಿಂದೆ ವ್ಯಾಪಾರಿ ಏದುಸಿರು ಬಿಡುತ್ತ ಬಂದ.

"ಏನಬೇ, ಹಿಂಗ ಮಾಡೂದೇನು? ಸತ್ತವರ ಊರಾಗ ನೀನೂ ಕಳದಿ ಅಂತ ತಿಳದಿದ್ದೆ."

ಅವಳು ಅವನ ಕಡೆ ನೋಡಲಿಲ್ಲ. ನಾಯಿಗೆ ಹೇಳಿದಳು:

"ನಿನ್ನ ಸಲುವಾಗಿ ನನ್ನ ಗಂಡ ಹನ್ನೊಂದು ವರ್ಷ ಬಾಯಿ ಮುಚ್ಚಿದ. ನೀ ಒಂದ ಸಲ ಬೊಗಳಿದ್ರ ಏನಾಗತಿತ್ತು?"

ಈಕೆಗೆ ದಾರಿ ತೋರಿಸಿದವರು ಯಾರು ಎಂದು ಗೈಡ್ ಕೇಳಿದ. ಈ ಬೀದಿಗಳಲ್ಲಿ ತನಗೇ ಒಮ್ಮೊಮ್ಮೆ ದಾರಿ ತಪ್ಪುತ್ತದೆ ಅಂದ. ವ್ಯಾಪಾರಿ ಅದನ್ನೇ ಅವಳಿಗೆ ಕೇಳಿದ.

"ನಮ್ಮ ಯಜಮಾನ್ರು ಹೇಳ್ಯಾರ," ಅಂದಳು.

"ಅವರು ತೀರಿಕೊಂಡು ಮೂರು ವರ್ಷ ಆತಲ್ಲ ಬೇ."

"ದಾರಿ ಇತ್ತಲ್ಲರಿ."

ವ್ಯಾಪಾರಿ ಅದನ್ನು ಗೈಡ್‌ಗೆ ಬಿಡಿಸಿ ಹೇಳಿದ. ಅವನು ಗದರಿಸಲಿಲ್ಲ. ಮರಳುವಾಗ ತೊಟ್ಟಿಯ ಹತ್ತಿರ ಅವಳು ನೀರಿಗೆ ನಿಂತಳು. ತೊಟ್ಟಿಯ ಅಂಚಿನಲ್ಲಿ ಕಲ್ಲು ತಗ್ಗಿ ಒಂದು ಕುಳಿ ಬಿದ್ದಿತ್ತು. ಗೈಡ್ ತಾನಾಗಿಯೇ ಹೇಳಿದ. ಊರಿನ ಜನ ಅಲ್ಲಿ ಒಂದು ಕೈ ಊರಿ, ಬಾಗಿ, ನೀರು ಕುಡಿಯುತ್ತಿದ್ದರು. ಎಷ್ಟೋ ತಲೆಮಾರಿನ ಕೈ. ಕೈ ಊರಿ ಊರಿ ಕಲ್ಲು ಸವೆದಿದೆ. ಅವಳು ಬಾವಿಕಟ್ಟೆಯಲ್ಲಿ ಹಗ್ಗದ ಗೀರು ನೋಡಿದವಳು. ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಕುಳಿಯಲ್ಲಿ ಕೈ ಊರಿದಳು, ಬಾಗಿದಳು, ಕುಡಿದಳು. ಕೈಯನ್ನು ಬೇಗ ತೆಗೆಯಲಿಲ್ಲ.

ನಾಲ್ಕು ಗಂಟೆಯ ರೈಲು ಹೋಗಿಬಿಟ್ಟಿತ್ತು. ಮುಂದಿನ ರೈಲಿಗೆ ಕಾಯುತ್ತ ಅವಳು ರೊಟ್ಟಿಯ ಗಂಟು ಬಿಚ್ಚಿದಳು. ಗೈಡ್ ಶೇಂಗಾಹಿಂಡಿ ಹಚ್ಚಿ ಎರಡು ರೊಟ್ಟಿ ತಿಂದು ಕಣ್ಣೀರು ಒರೆಸಿಕೊಂಡ. ಖಾರ ಹೆಚ್ಚಾಗಿತ್ತು.

ಊರಿಗೆ ಬಂದ ಮಾರನೆಯ ಸಂಜೆ ಅವಳು ಬೇವಿನ ಕಟ್ಟೆಗೆ ಬಂದಳು. ಅಂದು ನಕ್ಕವರಲ್ಲಿ ನಾವು ಆರು ಮಂದಿ ಉಳಿದಿದ್ದೆವು. ಅವಳು ನಮ್ಮೆದುರಿಗೆ ನಿಂತು ಹೇಳಿದಳು. ಒಲೆ ಇದೆ. ದಾಟುಗಲ್ಲು ಮೂರೇ ಇವೆ. ತೊಟ್ಟಿ ಇದೆ. ನಾಯಿ ಇದೆ. ಸರಪಳಿ ಸಹಿತ ಇದೆ. "ಅವರು ಅಂದದ್ದು ಖರೆ, ನಾ ಅಂದದ್ದು ತಪ್ಪು," ಅಂದಳು.

ನಾವು ತಲೆ ತಗ್ಗಿಸಿದೆವು. ಹನ್ನೆರಡು ಪೈಲ್ವಾನರು ಒಟ್ಟಿಗೆ ನನ್ನ ಬೆನ್ನ ಮೇಲೆ ಕೂತಿದ್ದರೂ ಅಷ್ಟು ಭಾರ ಎನಿಸುತ್ತಿರಲಿಲ್ಲ. ಅವಳು ಅಷ್ಟಕ್ಕೆ ಹೋಗಿಬಿಡಬಹುದಿತ್ತು. ನಮ್ಮ ಬಾಗಿದ ತಲೆಗಳನ್ನು ಒಂದೊಂದಾಗಿ ನೋಡಿದಳು. ಸೆರಗು ಸರಿ ಮಾಡಿಕೊಂಡಳು.

"ಇನ್ನೊಂದು ಕೇಳ್ರಿ," ಅಂದಳು. "ಆ ತೊಟ್ಟಿ ಕಲ್ಲಿನಾಗ ಇಷ್ಟು ಆಳ ಕುಳಿ ಬಿದ್ದೈತಿ. ಅದು ನಮ್ಮ ಯಜಮಾನ್ರ ಕೈ. ಯುದ್ಧದ ಕಾಲಕ್ಕ ಕೈ ಊರಿ ನೀರು ಕುಡದಾರ, ಕಲ್ಲು ತಗ್ಗಿ ಕುಂತೈತಿ. ಗೈಡ್ ದಿನಾ ಮಂದೀಗೆ ಅದನ್ನ ತೋರಸ್ತಾನ."

ನಮ್ಮಲ್ಲಿ ಒಬ್ಬ ಮೆಲ್ಲಗೆ ತಲೆ ಎತ್ತಿದ. "ಒಂದ ಸಲ ಊರಿದ್ದಕ್ಕ ಕಲ್ಲು ತಗ್ಗಿತೇನು ಯವ್ವಾ?"

"ಅವರ ಕೈ ನಿನಗೇನು ಗೊತ್ತು? ಅವರ ಕತ್ತೆ ಮೂತಿ ಊರಿದ ಕುಳಿ ಬ್ಯಾರೇನ ಐತಿ."

ಯಾರು ಮೊದಲು ನಕ್ಕರೋ ತಿಳಿಯದು. ಎಲ್ಲರೂ ನಕ್ಕೆವು. ರೈತ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಾಗ ನಗುತ್ತಿದ್ದ ಹಾಗೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅವಳೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪೈಲ್ವಾನಪ್ಪಾ, ನಾಯಿ ಎಷ್ಟು ದೊಡ್ಡದು ಅಂತಿದ್ರು ಅವರು?"

"ಹೋರಿಯಷ್ಟು," ಅಂದೆ.

"ಹೌದು, ಹೋರಿಯಷ್ಟ ಐತಿ," ಅಂದಳು. ಮನೆಗೆ ಹೋದಳು.

ಕತೆ ಮುಗಿಯಿತು. ಯಮನೂರ ಮಣ್ಣಿನಲ್ಲಿ ಬೆರಳು ಆಡಿಸುತ್ತ ಕೂತಿದ್ದ. ಅವನಿಗೆ ಸಮಾಧಾನವಾಗಿರಲಿಲ್ಲ.

"ವಸ್ತಾದರೇ, ಅಷ್ಟು ದೂರ ಹೋಗಿ ನಿಜ ತಿಳಿದು ಬಂದವಳು, ಊರಿಗೆ ಬಂದು ಸುಳ್ಳು ಹೇಳಿದಳಲ್ಲ. ಆ ಕುಳಿ ಅವನ ಕೈಯಿಂದ ಬಿದ್ದದ್ದಲ್ಲವಲ್ಲ."

ನಾನು ಹೇಳಿದೆ: "ಆ ಕಲ್ಲು ಅವನ ಕೈಗೆ ಸವೆದದ್ದು ಎಷ್ಟು, ಉಳಿದವರ ಕೈಗೆ ಸವೆದದ್ದು ಎಷ್ಟು, ಹೋಗಿ ಅಳೆದುಕೊಂಡು ಬಾ."