ನೀರುಗಂಟಿಯ ಗೀಟುಗಳು

"ಗುರುಗಳೇ, ನಾನು ಬರೆದ ಡ್ರೈವರ್ ಪ್ರೋಗ್ರಾಂ ಮೂರು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಒಂದು ಆಸ್ಪತ್ರೆಯ ಕಂಪ್ಯೂಟರುಗಳ ಸಂದೇಶಗಳೆಲ್ಲ ನೆಟ್‌ವರ್ಕ್ ಕಾರ್ಡಿಗೆ ಅದರಿಂದಲೇ ದಾಟುತ್ತವೆ. ಓದಲು ಸುಲಭವಾಗಲಿ ಎಂದು ಅದನ್ನು ಮತ್ತೆ ಏಕೆ ತಿದ್ದಬೇಕು? ಓದುವವನು ನಾನೊಬ್ಬನೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಕೆರೆಗೆ ಒಬ್ಬ ನೀರುಗಂಟಿ ಇದ್ದ. ಏರಿಯ ಮೇಲೆ ನೀರು ಬಿಡುವ ನಾಲ್ಕು ತೂಬುಗಳು ಸಾಲಾಗಿದ್ದವು. ಕಾಲುವೆಗಳು ನೆಲದೊಳಗೆ ಹಾದುಹೋಗುತ್ತಿದ್ದವು. ಯಾವ ತೂಬಿನ ನೀರು ಎತ್ತ ಹೋಗುತ್ತದೆ ಎಂದು ಮೇಲೆ ನಿಂತವರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ನೀರುಗಂಟಿ ಒಂದೊಂದರ ಕಲ್ಲಿನ ಮೇಲೂ ತನಗೆ ತಿಳಿಯುವಂತೆ ಗೀಟು ಎಳೆದುಕೊಂಡಿದ್ದ. ಎರಡು ತೂಬುಗಳನ್ನು ದಿನವೂ ಎತ್ತುತ್ತಿದ್ದ. ಉಳಿದೆರಡರಲ್ಲಿ ಒಂದು, ಕೆರೆ ತುಂಬಿ ಬಂದಾಗ ಮಾತ್ರ ಎತ್ತುವಂಥದ್ದು, ಹಳ್ಳಕ್ಕೆ; ಇನ್ನೊಂದು ಕೆಳಗಿನ ಹಳೆಯ ಗದ್ದೆಗಳಿಗೆ. ಆ ಗದ್ದೆಗಳಲ್ಲಿ ಈಗ ಮನೆಗಳೆದ್ದಿದ್ದವು. ಅವನ ಮನೆಯೂ ಅಲ್ಲೇ. ಹಾಗಾಗಿ ಆ ಎರಡು ತೂಬುಗಳನ್ನು ಆರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

ಆ ವರ್ಷ ಮಳೆ ನಾಲ್ಕು ದಿನ ಬಿಡಲಿಲ್ಲ. ಐದನೆಯ ಬೆಳಗ್ಗೆ ನೀರಿಗೂ ಏರಿಯ ತುದಿಗೂ ಒಂದು ಗೇಣು ಉಳಿದಿತ್ತು. ಹಳ್ಳದ ತೂಬು ಎತ್ತದಿದ್ದರೆ ಏರಿ ಒಡೆಯುತ್ತದೆ. ನೀರುಗಂಟಿ ಓಡಿಬಂದು ಕಲ್ಲುಗಳ ಮುಂದೆ ನಿಂತ. ಒಂದರ ಮೇಲೆ ಎರಡು ಗೀಟು, ಇನ್ನೊಂದರ ಮೇಲೆ ಅಡ್ಡಗೀಟು. ಏನೂ ಅಳಿಸಿರಲಿಲ್ಲ. ಅರ್ಥ ಮಾತ್ರ ನೆನಪಾಗಲಿಲ್ಲ.

ಹೆಂಡತಿ ಹಿಂದೆಯೇ ಬಂದಳು. "ಯಾವುದ್ರೀ ಹಳ್ಳದ್ದು? ಬೇಗ ಹೇಳಿ, ಮಗು ತೊಟ್ಟಿಲಲ್ಲಿದೆ."

"ತಾಳೇ, ಗೀಟು ಎಳೆದವನು ನಾನೇ."

"ಹಾಗಂತ ನೀರಿಗೆ ಹೇಳಿ, ಕೇಳುತ್ತದೇನೋ ನೋಡೋಣ" ಎಂದವಳೇ ಮನೆಯ ಕಡೆ ಓಡಿದಳು.

ಅವನು ಎರಡು ಗೀಟಿನ ತೂಬಿಗೆ ಕೈ ಹಾಕಿದ, ಬಿಟ್ಟ. ಅಡ್ಡಗೀಟಿನದಕ್ಕೆ ಕೈ ಹಾಕಿದ. ಕಾಲ ಕೆಳಗಿನ ಮಣ್ಣು ಜಾರತೊಡಗಿತು. ಕಣ್ಣು ಮುಚ್ಚಿ ಎತ್ತಿದ. ನೀರು ಮನೆಗಳಿಗೆ ನುಗ್ಗಿತು. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ಹೊರಬಿದ್ದಳು. ಪಕ್ಕದ ಮನೆಯ ಮುದುಕಿ ಹೊರಗೆ ಬರಲೇ ಇಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಅವಿವೇಕಿ! ಕಲ್ಲಿನ ಮೇಲೆ ಹಳ್ಳ ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು?"

ಗುರು ಕಂಪ್ಯೂಟರನ್ನು ಅವನತ್ತ ತಿರುಗಿಸಿದರು.

"ನಿನ್ನ ಡ್ರೈವರಿನ ನಲವತ್ತನೆಯ ಸಾಲಿನಲ್ಲಿ ಬರೀ ಏಳು ಎಂಬ ಅಂಕಿ ಇದೆ, ಅದು ಏನಪ್ಪಾ?"