ನೇಕಾರರ ಕೊಠಡಿಗೆ ಬಂದ ಪಿನ್‌ಬಾಲ್

ಹೊಳೆದಂಡೆಯ ಒಂದು ಆಶ್ರಮದಲ್ಲಿ ನೇಯ್ಗೆಯ ಕೊಠಡಿ ಇತ್ತು. ಅದರ ಉಸ್ತುವಾರಿ ಶಿಷ್ಯ ವಿರೂಪಾಕ್ಷನದು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಅಲ್ಲಿದ್ದವು ಕುಣಿಮಗ್ಗಗಳು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ದಿನವಿಡೀ ಕೂತು ನೇಯಬೇಕು. ಹೊಳೆ ಏರಿದಾಗಲೆಲ್ಲ ಕುಣಿಯೊಳಗೆ ನೀರು ಜಿನುಗುತ್ತಿತ್ತು.

"ಕುಣಿಗೆ ಕಲ್ಲು ಕಟ್ಟಿ ಸಿಮೆಂಟ್ ಮಾಡಿಸ್ರಿ" ಎಂದು ನೇಕಾರರು ಎರಡು ವರ್ಷದಿಂದ ಕೇಳುತ್ತಿದ್ದರು. ವಿರೂಪಾಕ್ಷ ತಲೆಯಾಡಿಸುತ್ತಿದ್ದ. ತಲೆಯಾಡಿಸುವುದಕ್ಕೇನು ಕಷ್ಟ!

ಒಮ್ಮೆ ಭಕ್ತರೊಬ್ಬರು ಬಂದು, "ನೇಯುವವರಿಗೆ ಏನು ಬೇಕೋ ಹೇಳಿ, ಕೊಡಿಸುತ್ತೇನೆ" ಎಂದರು.

ಪಟ್ಟಣದ ಯಾವುದೋ ಕಚೇರಿಯಲ್ಲಿ ಕೆಲಸಗಾರರು ಪಿನ್‌ಬಾಲ್ ಆಡುವುದನ್ನು ವಿರೂಪಾಕ್ಷ ನೋಡಿದ್ದ. ಅಂಥದ್ದೇ ಒಂದು ಯಂತ್ರ ಕೇಳಿದ.

ಯಂತ್ರ ಬಂತು. ಗುಂಡಿ ಒತ್ತಿದರೆ ಉಕ್ಕಿನ ಗೋಲಿ ಅತ್ತಿತ್ತ ಓಡುತ್ತದೆ, ದೀಪ ಹತ್ತುತ್ತದೆ, ಗಂಟೆ ಹೊಡೆಯುತ್ತದೆ. ಮಗ್ಗಗಳ ನಡುವೆ ಅದನ್ನು ನಿಲ್ಲಿಸಿ, ಮಹಾಶಯ ಹೂವಿನ ಹಾರವನ್ನೂ ಹಾಕಿದ.

ತಿಂಗಳಾಯಿತು. ಒಬ್ಬರೂ ಅದನ್ನು ಮುಟ್ಟಲಿಲ್ಲ.

"ಯಾಕ ಯಾರೂ ಆಡವಲ್ರಿ?" ಎಂದು ಅವನು ರೇಗಿದ.

ನೀಲವ್ವ ಎಂಬ ನೇಕಾರ್ತಿ ಕೂತಲ್ಲಿಂದಲೇ ಹೇಳಿದಳು. "ಆಡಾಕ ನಿಂದರಬೇಕಲ್ರಿ. ನಿಂದರಾಕ ಕಾಲು ಬೇಕಲ್ರಿ."

ವಿರೂಪಾಕ್ಷನಿಗೆ ಮೈಯೆಲ್ಲ ಉರಿದುಹೋಯಿತು. "ನಾಳಿಂದ ನಿನಗ ಮಗ್ಗ ಇಲ್ಲ!"

ಆ ಮಗ್ಗ ನಡೆದರೆ ಮಾತ್ರ ಅವಳ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಅಜ್ಜಾರ ಮುಂದೆ ದೂರು ತಂದ. "ಇವರಿಗೆ ಎಷ್ಟು ಮಾಡಿದ್ರೂ ಅಷ್ಟರಿ. ಆ ನೀಲವ್ವನ್ನ ಬಿಡಿಸಿಬಿಟ್ಟೆ."

"ಏನು ತಪ್ಪು ಮಾಡಿದ್ಲು?"

"ಕೊಟ್ಟದ್ದಕ್ಕ ಕೊಂಕು ಮಾತಾಡಿದ್ಲರಿ."

"ಏನಂದ್ಲು?"

ವಿರೂಪಾಕ್ಷ ಹೇಳಿದ. ಅಜ್ಜಾರು ಎದ್ದು ಅವನನ್ನೂ ಕರೆದುಕೊಂಡು ನೇಯ್ಗೆಯ ಕೊಠಡಿಗೆ ನಡೆದರು. ನೀಲವ್ವ ತನ್ನ ಲಾಳಿ ಒಯ್ಯಲೆಂದು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಕುಣಿಯಲ್ಲಿ ಗೇಣುದ್ದ ಕೆಸರು ನೀರು.

"ಇಳಿ" ಎಂದರು ಅಜ್ಜಾರು, ವಿರೂಪಾಕ್ಷನಿಗೆ.

"ನಾನ್ರಿ?"

"ಮಗ್ಗ ಖಾಲಿ ಮಾಡಿದವ ನೀನ. ಇಳಿ."

ವಿರೂಪಾಕ್ಷ ಕಾಲು ಇಳಿಬಿಟ್ಟು ಕೂತ. ಅಜ್ಜಾರು ಯಂತ್ರದ ಮುಂದೆ ನಿಂತು ಗುಂಡಿ ಒತ್ತಿದರು. ಗೋಲಿ ಓಡಿತು, ಗಂಟೆ ಹೊಡೆಯಿತು.

"ಅಜ್ಜಾರ, ನೀರು ಭಾಳ ತಣ್ಣಗದಾವ್ರಿ."

"ಗಂಟಿ ಕೇಳಿಸ್ತೈತಿಲ್ಲ? ಉಲ್ಲಾಸ ಪಡು."

ಆಟ ನಡೆದೇ ಇತ್ತು. ಹೊತ್ತು ನೆತ್ತಿಗೇರಿತು.

"ಅಜ್ಜಾರ, ಕಾಲು ಜೋಮು ಹಿಡದಾವ್ರಿ. ಸಾಕ್ರಿ."

"ಎದ್ದು ಬಾ. ನೀನೂ ಒಂದು ಆಟ ಆಡು."

ಅವನು ಎದ್ದ. ಕಾಲು ನಿಲ್ಲಲಿಲ್ಲ. ಎರಡು ಹೆಜ್ಜೆ ಇಟ್ಟು ಯಂತ್ರದ ಬುಡದಲ್ಲಿ ಕುಸಿದ. ಲಾಳಿಗಳೆಲ್ಲ ನಿಂತವು. ಒಬ್ಬರೂ ನಗಲಿಲ್ಲ.

ಆಗ ಅಜ್ಜಾರ ದನಿ ಏರಿತು. ಆ ದನಿಯನ್ನು ಆಶ್ರಮ ಅದುವರೆಗೆ ಕೇಳಿರಲಿಲ್ಲ.

"ಎರಡು ವರ್ಷ ಒಂದ ಮಾತು ಕೇಳಿದ್ರು! ಆಗೂದಿಲ್ಲಂದ್ರ ಆಗೂದಿಲ್ಲ ಅನಬೇಕಾಗಿತ್ತು. ಆಟಿಗಿ ತೋರಿಸಿ ಸುಮ್ಮನಾಗಸಾಕ ಅವರೇನು ಕೂಸುಗಳೇನು? ಮ್ಯಾಲೆ ಆಡಲಿಲ್ಲಂತ ಅನ್ನಾ ಕಸಗೊಂಡಿ!"

ವಿರೂಪಾಕ್ಷನಿಗೆ ಅಳು ಬಂತು. ತೆವಳಿಕೊಂಡು ಹೋಗಿ ಗುರುವಿನ ಪಾದ ಹಿಡಿದ. "ತಪ್ಪಾತ್ರಿ ಅಜ್ಜಾರ. ನಾಳೆನ ಕಲ್ಲು ಕಟ್ಟಸ್ತೀನ್ರಿ. ನನ್ನ ಕ್ಷಮಿಸ್ರಿ."

ಅಜ್ಜಾರು ಪಾದ ಬಿಡಿಸಿಕೊಂಡು ಹಿಂದೆ ಸರಿದರು.

"ನನ್ನ ಕಾಲು ಯಾಕ ಹಿಡೀತಿ? ಇವು ಒಂದ ದಿನಾನೂ ಆ ನೀರಾಗ ನೆನೆದಿಲ್ಲ."