ಕೊಕ್ಕರೆ ಇಳಿಸದ ಕಾಲು

ವಿಜಯದಶಮಿಯ ಮರುದಿನ, ಒಂದು ಬುಧವಾರ, ಆರನೇ ಕ್ಲಾಸಿನ ಪುಸ್ತಕಗಳನ್ನು ಅಟ್ಟಕ್ಕೆಸೆದು ನಾನು ಮೊದಲ ಸಲ ಮನೆ ಬಿಟ್ಟೆ. "ಮೇಲಿನ ಮಡುಗಳಲ್ಲಿ ಮೀನು ಹೇಗಿದೆ ನೋಡ್ಕೊಂಡು, ಇಗೋ ಬಂದೆ" ಅಂತ ಅಕ್ಕನಿಗೆ ಹೇಳಿದ್ದೆ. ಬಂದದ್ದು ಹನ್ನೊಂದು ವರ್ಷಕ್ಕೆ. ಅಲ್ಲಿಯವರೆಗೂ ಅಕ್ಕ ನನ್ನ ತಟ್ಟೆಯನ್ನು ದಿನಾ ತೊಳೆದಿಡುತ್ತಿದ್ದಳಂತೆ.

ಈಗ ಅವಳ ಮೊಮ್ಮಗಳು ಚೆಲುವಿ ಹೊಳೆದಂಡೆಯಲ್ಲಿ ಕೂತು ಕೇಳುತ್ತಾಳೆ: "ತಾತ, ಕೊಕ್ಕರೆ ಯಾಕೆ ಒಂಟಿ ಕಾಲಲ್ಲಿ ನಿಲ್ಲುತ್ತೆ?"

ಕೇಳು ಮಗಾ. ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆ ಆಗತಾನೇ ಹರಿಯಲು ಕಲಿತಿತ್ತು. ಎಲ್ಲಿ ಆಳ, ಎಲ್ಲಿ ಮೀನು, ಯಾರಿಗೂ ಗೊತ್ತಿಲ್ಲ. ಕೊಕ್ಕರೆ, ಮಿಂಚುಳ್ಳಿ ಗೆಳೆಯರು. ಒಂದೇ ಮೀನು ಸಿಕ್ಕರೂ ಹಂಚಿಕೊಂಡು ತಿನ್ನುತ್ತಿದ್ದವು.

"ಭಾವ, ಮಳೆ ಮುಗಿದಮೇಲೆ ಎಲ್ಲೆಲ್ಲಿ ಮೀನು ಹಿಡಿಯೋದು, ಈಗಲೇ ನೋಡಿಟ್ಟುಕೊಳ್ಳೋಣ" ಅಂದಿತು ಮಿಂಚುಳ್ಳಿ.

"ಸರಿ, ನಡಿ" ಅಂತ ಕೊಕ್ಕರೆ ಒಂದು ಕಾಲೆತ್ತಿತು.

"ಅಯ್ಯೋ, ನೀನು ಆ ಕಾಲು ಎತ್ತಿ ಇಡೋಷ್ಟರಲ್ಲಿ ಬೇಸಿಗೆ ಬರುತ್ತೆ! ಇಲ್ಲೇ ಇರು. ನಾನು ಇಗೋ ಬಂದೆ."

ಬಂದೆ ಅಂದಮೇಲೆ ಬಂದಹಾಗೇ ಅಲ್ಲವೇ? ಕೊಕ್ಕರೆ ಎತ್ತಿದ ಕಾಲನ್ನು ಇಳಿಸಲಿಲ್ಲ.

ಮೊದಲ ತಿರುವಿನಲ್ಲೇ ಮಿಂಚುಳ್ಳಿಗೆ ಒಳ್ಳೆಯ ಮಡು ಸಿಕ್ಕಿತು. "ಇಷ್ಟು ಸಾಕಲ್ಲ, ತಿರುಗು" ಅಂದಿತು ಹೊಳೆ.

"ಇನ್ನೊಂದು ತಿರುವು ನೋಡ್ತೀನಿ."

ಅಲ್ಲಿ ಇನ್ನೂ ಚೆಂದದ ಮಡು. "ಕೊಕ್ಕರೆ ಕಾಯ್ತಿದೆ ಕಣೋ" ಅಂದಿತು ಗಾಳಿ.

"ಇನ್ನೊಂದೇ ತಿರುವು."

ಹಾಗೆ ತಿರುವು ತಿರುವು ದಾಟಿ, ಕೊನೆಗೆ ಸಮುದ್ರವೇ ಬಂತು.

ವಾಪಸ್ಸು ಬಂದಾಗ ಕೊಕ್ಕರೆ ಅವತ್ತು ನಿಂತಿದ್ದ ಕಲ್ಲಿನ ಮೇಲೇ ಇತ್ತು. ಕತ್ತು ಸೊರಗಿ ಕಡ್ಡಿಯಾಗಿತ್ತು. ಕಾಲ ಬುಡದಲ್ಲೇ ಮೀನು ಓಡಾಡಿದರೂ, ಗೆಳೆಯ ಬರಲಿ ಅಂತ ಮುಟ್ಟಿರಲಿಲ್ಲ.

"ಭಾವ, ನೂರು ಮಡು ನೋಡಿದೆ! ಬಾ ಹೋಗೋಣ!"

ಕೊಕ್ಕರೆ ಕಾಲಿಳಿಸಲು ನೋಡಿತು. ಮಡಚಿದ ಕಾಲು ಮರಗಟ್ಟಿತ್ತು.

"ನೀನು 'ಹೋಗ್ತೀನಿ' ಅಂದಿದ್ರೆ ಅವತ್ತೇ ಇಳಿಸ್ತಿದ್ದೆ" ಅಂದಿತು. ಆಮೇಲೆ ಮಾತೇ ಆಡಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಕೊಕ್ಕರೆ ಒಂಟಿ ಕಾಲಲ್ಲಿ ನಿಲ್ಲುತ್ತೆ. ಮಿಂಚುಳ್ಳಿ ಅದರ ಮುಂದೆಯೇ ಕೂಗಿಕೊಂಡು ಹೋಗುತ್ತೆ, ಬರುತ್ತೆ. ಕೊಕ್ಕರೆ ಕತ್ತು ತಿರುಗಿಸೋದಿಲ್ಲ.

"ಮಿಂಚುಳ್ಳಿ ಸುಳ್ಳು ಹೇಳಿತಾ ತಾತ?"

"ಇಲ್ಲ ಮಗಾ. ಹೇಳಿದಾಗ ಅದು ನಿಜವೇ ಆಗಿತ್ತು."

ಮನೆಗೆ ಬಂದು ಗಾಳದ ದಾರ ಸುತ್ತಿದೆ, ಪಂಚೆ ಮಡಚಿ ಚೀಲಕ್ಕೆ ತುರುಕಿದೆ. ಅಕ್ಕ ಬಾಗಿಲಿಗೆ ಬಂದಳು.

"ಈ ಸಲ ಯಾವ ಹೊಳೆಯಪ್ಪಾ ಸಾಹೇಬರದ್ದು?"

ಬಾಯಿತನಕ ಬಂದ 'ಇಗೋ ಬಂದೆ' ಅನ್ನೋ ಮಾತನ್ನು ನುಂಗಿಕೊಂಡೆ. "ಹೋಗ್ತೀನಿ ಅಕ್ಕ. ಆ ತಟ್ಟೆ ಎತ್ತಿಟ್ಟುಬಿಡು."

"ಥೂ, ಹಾಗನ್ನಬಾರದು ಕಣೋ" ಅಂದಳು ಅಕ್ಕ.

ನಾನು ಚೀಲದ ಬಾಯಿ ಕಟ್ಟುತ್ತಿದ್ದೆ. ಒಳಗೆ ಅವಳು ತಟ್ಟೆ ತೊಳೆಯುವ ಸದ್ದು ಕೇಳಿಸುತ್ತಿತ್ತು.